ಕಲ್ಯಾಣಪ್ಪನ ಗಾಡಿಯ ಕಮಾನು

ಮನುಷ್ಯನನ್ನು ಬೈದರೆ ಮರೆಯುತ್ತಾನೆ, ಹೊಡೆದರೂ ಒಂದು ದಿನ ಮರೆತಾನು. ಆದರೆ ಮದುವೆ ದಿಬ್ಬಣದಲ್ಲಿ ಹಂಡೆಯ ಜೊತೆ ಕೂಡಿಸಿದರೆ ಮರೆಯುವುದಿಲ್ಲ. ಆಳಂದದ ಕಲ್ಯಾಣಪ್ಪನೂ ಮರೆತಿರಲಿಲ್ಲ.

ಆರು ವರ್ಷದ ಹಿಂದಿನ ಮಾತು. ಜೇವರ್ಗಿಯಲ್ಲಿ ಅವನ ಅಕ್ಕ ಶಾರದಾಬಾಯಿಯ ಮಗನ ಮದುವೆ. ಬೀಗರ ಊರಿಗೆ ಹೋಗಲು ಆರು ಕಾರು, ಒಂದು ಬಸ್ಸು, ಒಂದು ಗೂಡ್ಸ್ ಟೆಂಪೊ. ಯಾರು ಯಾವುದರಲ್ಲಿ ಕೂಡಬೇಕೆಂದು ಪಟ್ಟಿ ಮಾಡಿದವರು ಅಕ್ಕನ ಗಂಡ ಜಗದೇವ ಮಾಸ್ತರರು. ಮೂವತ್ತಾರು ವರ್ಷ ಸಾಲಿಯಲ್ಲಿ ಹಾಜರಿ ಕರೆದು ಕರೆದು, ಮನುಷ್ಯರೆಲ್ಲ ತಮ್ಮ ಪಟ್ಟಿಯೊಳಗಿನ ಅಂಕಿಗಳೇ ಎಂದು ನಂಬಿದವರು. ಪಟ್ಟಿಯ ಕೊನೆಗೆ ಬಂದು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಕಲ್ಯಾಣಿ, ನೀ ಟೆಂಪೋದಾಗ ಬಾ. ಹಂಡೇ ಹಿಡ್ಕೊಳ್ಳಾಕ ಒಬ್ಬ ಜವಾಬ್ದಾರಿ ಮನುಷ್ಯಾ ಬೇಕು."

ಜವಾಬ್ದಾರಿ ಮನುಷ್ಯ ಮೂರು ಹಂಡೆ, ಎರಡು ಗ್ಯಾಸ್ ಸಿಲಿಂಡರ್, ಒಂದು ಮೂಟೆ ಉಳ್ಳಾಗಡ್ಡಿಯ ನಡುವೆ ಕೂತು ಹನ್ನೆರಡು ಕಿಲೋಮೀಟರ್ ಹೋದ. ಹದಿಮೂರನೆಯ ಕಿಲೋಮೀಟರಿನಲ್ಲಿ ಟೆಂಪೊ ನಿಲ್ಲಿಸಿ ಇಳಿದು, "ಸ್ವಂತ ಗಾಡಿ ಇಲ್ಲದ ಇನ್ನ ಆ ಮನಿ ಹೊಸ್ತಿಲಾ ತುಳ್ಯಾಂಗಿಲ್ಲ" ಎಂದು ಶಪಥ ಮಾಡಿದ. ಕೇಳಿದವು ಹಂಡೆಗಳು ಮಾತ್ರ. ಆದರೂ ಶಪಥ ಶಪಥವೇ.

ಅಂದಿನಿಂದ ಅಕ್ಕನ ಮನೆಗೆ ಹೋಗಲಿಲ್ಲ. ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ ಪಂಪು ರಿಪೇರಿ ಅಂಗಡಿ ಇಟ್ಟುಕೊಂಡು, ಜೇವರ್ಗಿ ಬೋರ್ಡಿನ ಬಸ್ಸು ಕಂಡರೆ ಬೆನ್ನು ತಿರುಗಿಸಿ ಕೂಡುತ್ತಿದ್ದ. ಬಸ್ಸು ಏನು ಮಾಡಿತ್ತು ಪಾಪ.

ಹೀಗೆ ನಾಲ್ಕು ವರ್ಷ ಕಳೆದಿರಲು ಒಂದು ದಿನ ಅಕ್ಕನ ಫೋನು ಬಂತು.

"ತಮ್ಮಾ, ನಿಮ್ಮ ಮಾವಗ ಹಾರ್ಟಿಂದು ತ್ರಾಸ ಆಗಿತ್ತು. ಎದ್ಯಾಗ ಎರಡು ಸ್ಪ್ರಿಂಗ್ ಹಾಕ್ಯಾರ. ಈಗ ಮನಿಗಿ ಬಂದಾರ. ಗಾಬರಿ ಆಗೋದೇನೂ ಆಗಬಾರದು ಅಂತ ಡಾಕ್ಟರ್ ಕಡಕ್ಕಾಗಿ ಹೇಳ್ಯಾರ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬಂದು ಮಕಾ ತೋರಸು."

"ಅಕ್ಕಾ, ನಾ ಶಪಥ ಮಾಡೇನಿ..."

"ನಿನ್ನ ಶಪಥ ಒಲ್ಯಾಗ ಹಾಕು. ಸೋಮವಾರ ನೀ ಬರಲಿಲ್ಲಂದ್ರ ನನಗ ತವರಮನಿ ಇಲ್ಲಂತ ತಿಳಕೋತೇನಿ. ಇನ್ನ ನಿನಗ ಫೋನ್ ಮಾಡಂಗಿಲ್ಲ."

ಶಾರದಾಬಾಯಿ ಹೇಳಿದಂತೆ ಮಾಡುವ ಹೆಂಗಸು. ತಾಯಿ ಸತ್ತ ಮೇಲೆ ಕಲ್ಯಾಣಪ್ಪನಿಗೆ ತಲೆ ಬಾಚಿ ಸಾಲಿಗೆ ಕಳಿಸಿದವಳು ಅವಳೇ. ಅವಳನ್ನು ಕಳೆದುಕೊಂಡರೆ ಅವನಿಗೆ ಬೈಯಲು ಸಹ ಯಾರೂ ಉಳಿಯುವುದಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು. ಹೋಗಲೇಬೇಕು. ಆದರೆ ಶಪಥ? ಎರಡೂ ಉಳಿಯಬೇಕೆಂದರೆ ಗಾಡಿ ಬೇಕು. ಎರಡು ದಿನದಲ್ಲಿ ಸೊಲ್ಲಾಪುರದಿಂದ ಹಳೆಯದೊಂದು ಬಿಳಿ ಜೀಪು, ಈಗಿನವರು ಎಸ್‌ಯುವಿ ಅನ್ನುತ್ತಾರಲ್ಲ ಅದು, ಅವನ ಅಂಗಡಿಯ ಮುಂದೆ ಬಂದು ನಿಂತಿತು.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಂಥ ಬಿಳಿ ಗಾಡಿ ಭೂಸನೂರ ದಾರಿಯಲ್ಲಿ ಕಬ್ಬಿನ ಕಂತ್ರಾಟುದಾರರ ಹತ್ತಿರ ಹತ್ತು ಸಿಗುತ್ತವೆ. ಮಾಸ್ತರರು ನೋಡಿ, "ಬಾಡಿಗಿ ಗಾಡಿ ಏನಲೇ?" ಎಂದರೆ? ಕಲ್ಯಾಣಪ್ಪ ಫೋನಿನಲ್ಲಿ ವಿಡಿಯೋ ನೋಡತೊಡಗಿದ. ಯಾವುದೋ ಬೆಟ್ಟದ ಮೇಲೆ ಯಾರೋ ಗಡ್ಡದವರು ಗಾಡಿ ಓಡಿಸುತ್ತಿದ್ದಾರೆ, ಟಾಪಿನ ಮೇಲೆ ಉದ್ದಕ್ಕೆ ಎಲ್‌ಇಡಿ ಲೈಟಿನ ಪಟ್ಟಿ. ಆ ಪಟ್ಟಿ ಹಾಕಿದರೆ ಮಾಸ್ತರರ ಬಾಯಿ ಮುಚ್ಚುತ್ತದೆಂದು ಅವನಿಗೆ ಅನ್ನಿಸಿತು. ಆನ್‌ಲೈನಿನಲ್ಲಿ ತರಿಸಿದ. ನಾಲ್ಕು ಫೂಟು ಉದ್ದ, ಬಿಲ್ಲಿನಂತೆ ಬಾಗಿದ್ದು. ಅದರ ಜೊತೆ ಬಂದ ಕ್ಲ್ಯಾಂಪು ಹಳೆಯ ಗಾಡಿಗೆ ಕೂಡಲಿಲ್ಲ. ಹೀಗಾಗಿ ಬುಧವಾರ ಅವನು ವೆಲ್ಡಿಂಗ್ ಯಾಕೂಬಸಾಬನ ಅಂಗಡಿಗೆ ಹೋದ.

ಯಾಕೂಬಸಾಬ ಕಿಟಕಿ ಜಾಳಿಗೆ, ಕಬ್ಬಿನ ಟ್ರಾಲಿಯ ಕೊಂಡಿ, ಗೇಟು, ಎಲ್ಲ ಮಾಡುವವನು. ಗಾಡಿಯ ಸುತ್ತ ಎರಡು ಸುತ್ತು ಹಾಕಿ ಟಾಪನ್ನು ಬೆರಳಿನಿಂದ ಬಡಿದು ನೋಡಿದ.

"ಟಾಪಿಗಿ ತೂತ್ ಹೊಡೀಲೇನ್ರಿ?"

"ತೂತ್ ಹೊಡದ್ರ ಮಳಿ ನೀರು ನನ್ನ ನೆತ್ತಿ ಮ್ಯಾಲ ಬೀಳ್ತದ. ತೂತ್ ಇಲ್ಲದ ಮಾಡು."

"ಹಂಗಾದ್ರ ಅಂಚಿನ ನೀರಿನ ಗಟಾರಕ್ಕ ಕ್ಲ್ಯಾಂಪ್ ಹಿಡಸ್ತೇನ್ರಿ. ಕೆಳಗ ಸೈಕಲ್ ಟ್ಯೂಬಿನ ರಬ್ಬರ್ ಇಟ್ರ ಗೀರೂ ಬೀಳಂಗಿಲ್ಲ. ನಾಕು ಇಂಚು ಎತ್ತರ ಸಾಕು."

"ನಾಕು ಇಂಚು ಯಾರಿಗಿ ಕಾಣ್ತದೋ? ಮೂರು ಓಣಿ ಆಚಿಂದ ಕಾಣಬೇಕು. ಮೂರು ಫೂಟ್ ಎತ್ತರಸು."

ಯಾಕೂಬಸಾಬ ತಲೆ ಕೆರೆದುಕೊಂಡ. "ಸಾವ್ಕಾರ್ರೇ, ಮೂರು ಫೂಟ್ ಅಂದ್ರ ಗಾಳಿಗಿ ಅಲುಗಾಡ್ತದ. ಅದಕ್ಕ ನಾಕು ಕಾಲು ಬೇಕು, ಮ್ಯಾಲ ಕಮಾನು ಬೇಕು, ನಡುವ ಪಟ್ಟಿ ಬೇಕು."

"ಎಲ್ಲಾ ಹಾಕು. ಅಲುಗಾಡಬಾರದು ಅಷ್ಟೇ."

"ಫಿಕರ್ ಮಾಡಬ್ಯಾಡ್ರಿ. ಅಂಥಾದ್ದು ಹೋದ ತಿಂಗಳ ಮಟಕಿ ಊರವರಿಗಿ ಒಂದು ಮಾಡಿ ಕೊಟ್ಟೇನಿ. ತೊಂಬತ್ತು ಕಿಲೋ ಕೂಡ್ಸಿ ಒಯ್ದಾರ, ಜರಾನೂ ಅಲುಗಾಡಿಲ್ಲ."

ತೊಂಬತ್ತು ಕಿಲೋ ಏನು ಕೂಡಿಸಿದ್ದರು ಎಂದು ಕಲ್ಯಾಣಪ್ಪ ಕೇಳಲಿಲ್ಲ. ಯಾಕೂಬಸಾಬ ಹೇಳಲೂ ಇಲ್ಲ, ಕೇಳದೆ ಹೇಳುವ ಚಟ ಅವನಿಗಿರಲಿಲ್ಲ. ಈ ಕಡೆ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ಹಾರ ಹಾಕಿ ವಿಮಾನದಲ್ಲಿ ಕೂಡಿಸಿ ಒಯ್ಯುತ್ತಾರೆ. ವಿಮಾನವೆಂದರೆ ನಾಲ್ಕು ಕಾಲು, ಮೇಲೆ ಕಮಾನು, ಕಮಾನಿಗೆ ಹೂವು, ಕಾಲುಗಳಿಗೆ ಬಾಳೆದಿಂಡು. ಪ್ರತಿ ಸಲ ಬಿದಿರು ಹುಡುಕುವ ತಾಪತ್ರಯ ಬೇಡವೆಂದು ಮಟಕಿಯವರು ಕಬ್ಬಿಣದ್ದೊಂದು ಮಾಡಿಸಿಕೊಂಡಿದ್ದರು. ಅದರ ಅಳತೆ ಇನ್ನೂ ಯಾಕೂಬಸಾಬನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು. ಅದೇ ಅಳತೆಗೆ ಚೌಕಾಕಾರದ ಪೈಪು ಕತ್ತರಿಸಿದ.

ಮೂರು ದಿನಕ್ಕೆ ಕೆಲಸ ಮುಗಿಯಿತು. ಕಮಾನಿನ ನೆತ್ತಿಗೆ ಬಾಗಿದ ಲೈಟು ಬರೋಬ್ಬರಿ ಕೂತಿತು. ಕಲ್ಯಾಣಪ್ಪ ಕಾಲುಗಳಿಗೆ ಹಚ್ಚಿದ್ದ ಸಣ್ಣ ಕಡಗಳನ್ನು ನೋಡಿ ಕೇಳಿದ: "ಇವು ಯಾತಕ್ಕೋ?"

"ಬಾಳಿದಿಂಡು ಕಟ್ಟಾಕ್ರಿ."

"ಭೇಷ್," ಎಂದ ಕಲ್ಯಾಣಪ್ಪ. ಗಾಡಿ ಪೂಜೆಯನ್ನೂ ಮೊದಲೇ ವಿಚಾರ ಮಾಡಿಟ್ಟ ಇಂಥ ಕೆಲಸಗಾರ ಮುಂಬೈಯಲ್ಲೂ ಸಿಗುವುದಿಲ್ಲವೆಂದು ಊರೆಲ್ಲ ಹೊಗಳಿಕೊಂಡು ಬಂದ.

ಸೋಮವಾರ ಬೆಳಿಗ್ಗೆ ಪೂಜೆ. ಹೆಂಡತಿ ಬಸವೇಶ್ವರಿ ಬಾನೆಟ್ಟಿನ ಮೇಲೆ ಮೂರು ಬೆರಳು ವಿಭೂತಿ ಎಳೆದಳು. ಕಮಾನಿಗೆ ಚೆಂಡುಹೂವಿನ ಹಾರ ಇಳಿಬಿಟ್ಟರು, ಕಡಗಗಳಿಗೆ ಬಾಳೆದಿಂಡು ಕಟ್ಟಿದರು. ಬಸವೇಶ್ವರಿ ದೂರ ನಿಂತು ನೋಡಿದಳು. ಹತ್ತಿರ ಬಂದು ನೋಡಿದಳು.

"ಏನ್ರೀ, ಇದನ್ನ ಎಲ್ಲ್ಯೋ ನೋಡಿದಂಗ ಆಗ್ತದ."

"ವಿಡಿಯೋದಾಗ ನೋಡಿರಬೇಕು."

"ವಿಡಿಯೋದಾಗಲ್ರಿ. ಇದನ್ನ ನೋಡಿದ ಕೂಡ್ಲೇ ನನಗ ನಮ್ಮ ಅಜ್ಜಾ ಯಾಕ ನೆನಪಾಗಾಕತ್ತಾನ?"

"ನಿಮ್ಮ ಅಜ್ಜನ ಆಶೀರ್ವಾದ ಅದ ಅಂತ ತಿಳ್ಕೋ. ಕೂಡು, ಹೊತ್ತಾತು."

ಬಸವೇಶ್ವರಿಗೆ ಗಾಡಿಯಲ್ಲಿ ಕೂತರೆ ವಾಂತಿ. ಗುಳಿಗೆ ನುಂಗಿ, ತಲೆ ತುಂಬ ಸೆರಗು ಹೊದ್ದು, ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಅಕ್ಕನಿಗೊಂದು ಸೀರೆ, ಮಾವನಿಗೊಂದು ಧೋತರ, ಒಂದು ಬುಟ್ಟಿ ತೆಂಗಿನಕಾಯಿ.

ಕಲಬುರಗಿ ಮೇಲೆ ನೇರ ಹೋಗಬಹುದಿತ್ತು. ಆದರೆ ಕಲಬುರಗಿಯಲ್ಲಿ ಇವನನ್ನು ಯಾರು ನೋಡುತ್ತಾರೆ? ಪರಿಚಯದ ಜನ ಹೆಚ್ಚಿರುವುದು ಅಫಜಲಪುರದಲ್ಲಿ. ಆದ್ದರಿಂದ ಸುತ್ತು ಹಾಕಿ ಆ ಕಡೆಯಿಂದಲೇ ಹೊರಟ. ಹಾಡುಹಗಲು, ಆದರೂ ಎಲ್‌ಇಡಿ ಉರಿಯುತ್ತಿತ್ತು.

ಊರು ದಾಟುವುದರೊಳಗೆ ಮರ್ಯಾದೆ ಶುರುವಾಯಿತು. ಎದುರಿಗೆ ಬಂದ ಮೋಟರ್ ಸೈಕಲ್ಲಿನವನು ಗಾಡಿ ಪಕ್ಕಕ್ಕೆ ಹಚ್ಚಿ, ಇಳಿದು, ಕೈ ಮುಗಿದ. ಕಲ್ಯಾಣಪ್ಪನೂ ಒಂದು ಕೈ ಎತ್ತಿದ. ಮುಂದೆ ಎರಡೆರಡು ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರು. ಅವು ಆಂಬುಲೆನ್ಸಿಗೂ ದಾರಿ ಬಿಟ್ಟ ಇತಿಹಾಸವಿಲ್ಲ. ಅಂಥ ಟ್ರ್ಯಾಕ್ಟರು ರಸ್ತೆ ಬಿಟ್ಟು ಹೊಲಕ್ಕಿಳಿದು, ಹಾಡು ಬಂದ್ ಮಾಡಿ ನಿಂತಿತು. ಡ್ರೈವರ್ ತಲೆಯ ಟವೆಲ್ ತೆಗೆದ.

"ನೋಡು," ಎಂದ ಕಲ್ಯಾಣಪ್ಪ ಹಿಂದೆ ತಿರುಗಿ. "ಇಷ್ಟು ದಿನಾ ಜನಕ್ಕ ಮರ್ಯಾದಿ ಇಲ್ಲಂತ ತಿಳಕೊಂಡಿದ್ದೆ. ತಪ್ಪು ಜನರದ್ದಲ್ಲ, ನಮ್ಮ ಹಂತ್ಯಾಕ ಲೈಟ್ ಇರಲಿಲ್ಲ."

ಬಸವೇಶ್ವರಿ ನರಳಿದಳು. ಕಿಟಕಿಯಾಚೆ ನಿಂತಿದ್ದ ಹೆಂಗಸರು ಅವಳ ಮುಖ ನೋಡಿ ಕಣ್ಣಿಗೆ ಸೆರಗು ಹಚ್ಚಿಕೊಂಡರು.

ಅಫಜಲಪುರದ ಚೌಕದಲ್ಲಿ ಹವಾಲ್ದಾರ ಹಣಮಂತ್ರಾಯ ಕೈ ಅಡ್ಡ ಹಿಡಿದ. ಟಾಪಿನ ಮೇಲಿನ ಲೈಟಿಗೆ ದಂಡ ಹಾಕಲು ಪುಸ್ತಕ ತೆಗೆಯುತ್ತ ಬಂದವನು, ಬಾಳೆದಿಂಡು ಕಂಡು ನಿಂತ. ಹೂವು ನೋಡಿದ. ಹಿಂದಿನ ಸೀಟಿನ ಸೆರಗು, ಸೀರೆ, ಧೋತರ, ತೆಂಗಿನಕಾಯಿ ನೋಡಿದ. ಗಂಡ ಸತ್ತವಳಿಗೆ ತವರಿನಿಂದ ಬಟ್ಟೆ ಒಯ್ಯುವ ರೂಢಿ ಪೊಲೀಸರಿಗೂ ಗೊತ್ತು. ಪುಸ್ತಕ ಕಿಸೆಗೆ ಹೋಯಿತು, ಟೊಪ್ಪಿಗೆ ಕೈಗೆ ಬಂತು.

"ಯಾರ ಮನಿಗಿ ಹೊಂಟೀರ್ರಿ?"

"ಜೇವರ್ಗಿಗ್ರಿ. ಜಗದೇವ ಮಾಸ್ತರ ಮನಿಗಿ. ನಮ್ಮ ಅಕ್ಕನ ಗಂಡ್ರು."

ಹಣಮಂತ್ರಾಯನ ಮುಖ ಇಳಿಯಿತು. "ಜಗದೇವ ಮಾಸ್ತರ? ನಾ ಅವರ ಕೈಯಾಗ ಕಲ್ತಾಂವ್ರಿ. ಏನಾಗಿತ್ರಿ?"

"ಹಾರ್ಟ್ರಿ."

"ಅಯ್ಯೋ ಶಿವನೇ. ಭಾಳ ಒಳ್ಳೇ ಮನುಷ್ಯಾ ಇದ್ರು."

ಈ ಮಾತು ಕಲ್ಯಾಣಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಹಂಡೆ ಕಣ್ಣ ಮುಂದೆ ಬಂತು. ಆದರೂ ದೊಡ್ಡತನ ತೋರಿಸಿ ಹೇಳಿದ: "ಏನೇನೋ ಮಾಡ್ಯಾರ್ರಿ. ಇರಲಿ ಬಿಡ್ರಿ, ಈಗ ಅದೆಲ್ಲಾ ಮನಸಿನ್ಯಾಗ ಇಟ್ಕೋಬಾರದು."

"ಖರೇ ಮಾತ್ರಿ," ಎಂದು ಹಣಮಂತ್ರಾಯ ಕಣ್ಣು ಒರೆಸಿಕೊಂಡ. "ಲೈಟಿಗಿ ಕಾನೂನಿನ್ಯಾಗ ಪರವಾನಗಿ ಇಲ್ರಿ. ಆದ್ರ ಇವತ್ತೊಂದಿನ ಉರೀಲಿ. ಮಾಸ್ತರು ಬೆಳಕು ಕೊಟ್ಟವರು." ಸೆಲ್ಯೂಟ್ ಹೊಡೆದು, ನಾಲ್ಕೂ ಕಡೆಯ ಗಾಡಿಗಳನ್ನು ತಡೆದು, ದಾರಿ ಮಾಡಿಕೊಟ್ಟ. ಆಮೇಲೆ ಫೋನು ತೆಗೆದು ಸುದ್ದಿ ಹಾಕಿದ. ಅವನ ಸಾಲಿಯ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ನೂರಾ ನಲವತ್ತು ಜನ. ಐದು ನಿಮಿಷದಲ್ಲಿ ನೂರಾ ಮೂವತ್ತೊಂಬತ್ತು ಜನ 'ಓಂ ಶಾಂತಿ' ಹಾಕಿದರು. ಒಬ್ಬ ತಪ್ಪಿ ಹುಟ್ಟುಹಬ್ಬದ ಕೇಕು ಹಾಕಿ ಅಳಿಸಿದ.

ಪೊಲೀಸ್ ಸೆಲ್ಯೂಟ್ ಬಿದ್ದ ಮೇಲೆ ಕಲ್ಯಾಣಪ್ಪ ಹಳೆಯ ಕಲ್ಯಾಣಪ್ಪನಾಗಿ ಉಳಿಯಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟು, ಎರಡೂ ಬದಿಯ ಜನಕ್ಕೆ ಮಂತ್ರಿಯ ಹಾಗೆ ಕೈ ಬೀಸುತ್ತ ಹೊರಟ. ಚೌಡಾಪುರದಲ್ಲಿ ಚಹಾದ ಅಂಗಡಿಯ ಮುಂದಿನ ಬೆಂಚಿನವರೆಲ್ಲ ಎದ್ದು ನಿಂತರು. ಒಬ್ಬ ಮುದುಕ ಬೀಡಿ ಬಿಸಾಕಿದ. ಗಾಡಿ ದಾಟಿದ ಮೇಲೆ ಅವನೇ ಪಕ್ಕದವನಿಗೆ ಹೇಳಿದ: "ಸತ್ತವರ ಮನಿಯವ ನಕ್ಕೋತ ಟಾಟಾ ಮಾಡಾಕತ್ತಾನಲ್ಲೋ. ಆಸ್ತಿ ಭಾಳ ಇರಬೇಕು."

ಭೀಮಾ ನದಿಯ ಸೇತುವೆ ದಾಟುವಾಗ ಹಿಂದೆ ಏಳೆಂಟು ಗಾಡಿ ಸಾಲಾಗಿ ಬರುತ್ತಿದ್ದವು. ಮಾಸ್ತರರ ಹಳೆಯ ವಿದ್ಯಾರ್ಥಿಗಳು, ಒಂದು ಟಂಟಂ ರಿಕ್ಷಾ ತುಂಬ ಭಜನೆಯವರು. ಕಲ್ಯಾಣಪ್ಪ ಕನ್ನಡಿಯಲ್ಲಿ ನೋಡಿ ಹೆಂಡತಿಯನ್ನು ಎಬ್ಬಿಸಿದ.

"ಏ, ನೋಡಬೇ. ನಮ್ಮ ಹಿಂದ ಕಾನ್ವಾಯ್ ಬರಾಕತ್ತದ."

ಬಸವೇಶ್ವರಿ ಅರ್ಧ ಕಣ್ಣು ತೆರೆದು ನೋಡಿದಳು. ತಾಳದ ಸದ್ದು ಕೇಳಿದಳು. "ರೀ, ನಮ್ಮ ಅಜ್ಜಾ ಮತ್ತ ನೆನಪಾಗಾಕತ್ತಾನ್ರಿ," ಎಂದು ಮತ್ತೆ ಕಣ್ಣು ಮುಚ್ಚಿದಳು.

ಜೇವರ್ಗಿ ಬಂತು. ಅಕ್ಕನ ಓಣಿಯ ತುಂಬ ಜನ. ಇಷ್ಟು ಜನ ತನ್ನ ಗಾಡಿ ನೋಡಲು ಬಂದಿದ್ದಾರೆಂದು ಅರ್ಧ ನಿಮಿಷ ಕಲ್ಯಾಣಪ್ಪನ ಎದೆ ಉಬ್ಬಿತು. ಆಮೇಲೆ ಮನೆಯ ಮುಂದಿನ ಶಾಮಿಯಾನ ಕಂಡಿತು. ಬಾಡಿಗೆ ಕುರ್ಚಿ ಕಂಡವು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಕೈ ಕಟ್ಟಿ ನಿಂತ ಗಂಡಸರು ಕಂಡರು. ಒಬ್ಬ ಧುರೀಣನ ಸಹಾಯಕ ದೊಡ್ಡ ಹೂಮಾಲೆ ಹಿಡಿದು, ಫೋಟೋ ತೆಗೆಯುವವನನ್ನು ಹುಡುಕುತ್ತಿದ್ದ.

ಕಲ್ಯಾಣಪ್ಪ ಬ್ರೇಕು ಒತ್ತಿ ಗಾಡಿ ನಿಲ್ಲಿಸಿ ಇಳಿದ. ಜನ ಸರಿದು ದಾರಿ ಬಿಟ್ಟರು. ಕಟ್ಟೆಯ ಮೇಲೆ, ಬಾಗಿಲಿಗೆ ನೇರ, ಕುರ್ಚಿಯಲ್ಲಿ ಜಗದೇವ ಮಾಸ್ತರರು ಕೂತಿದ್ದರು. ಹಣೆಯ ತುಂಬ ವಿಭೂತಿ. ಕೊರಳಲ್ಲಿ ಗದ್ದದವರೆಗೆ ಹಾರ. ಕಣ್ಣು ಮುಚ್ಚಿದ್ದವು. ಇಷ್ಟು ಸಾಕಿತ್ತು.

ಅವನು ಓಡಿ ಹೋಗಿ ಕಾಲಿನ ಮೇಲೆ ಬಿದ್ದ.

"ಮಾವಾ, ನಾ ತಡಾ ಮಾಡಿದೆ," ಎಂದು ಬಿಕ್ಕಿದ. "ಹಂಡೇದ ಜೋಡಿ ಇನ್ನ ಹತ್ತು ಕಿಲೋಮೀಟರ್ ಕುಂತಿದ್ರ ನನ್ನ ಗಂಟೇನು ಹೋಗ್ತಿತ್ತು? ನೀವು ಎದ್ದು ಮತ್ತ ಕೂಡಸ್ರಿ. ಉಳ್ಳಾಗಡ್ಡಿ ಮೂಟಿನೂ ತೊಡೀ ಮ್ಯಾಲ ಇಟ್ಕೋತೇನಿ. ನಿಮಗ ತೋರ್ಸಬೇಕಂತ ಗಾಡಿ ತಂದೆ. ಇನ್ನ ನಾ ಯಾರಿಗಿ ಉರಸಲಿ? ನಾಕು ವರ್ಷಾ ನಿಮ್ಮ ಮ್ಯಾಲಿನ ಸಿಟ್ಟಿನ್ಯಾಗ ಹುರುಪಿಲೇ ಬದುಕಿದ್ದೆ. ನನ್ನ ಅಕ್ಕಗ ನಾ ಏನ್ ಮಕಾ ತೋರಸಲಿ?"

ಮಾಸ್ತರರ ಹೆಬ್ಬೆರಳು ಅಲುಗಾಡಿತು. ಮೇಲಿನಿಂದ ದನಿ ಬಂತು.

"ನಿಲ್ಲಿಸಬ್ಯಾಡ. ಛಲೋ ನಡದದ. ಹಂಡೇದ ಮಾತು ಮತ್ತೊಮ್ಮಿ ಹೇಳು."

ಕಲ್ಯಾಣಪ್ಪ ತಲೆ ಎತ್ತಿದ. ಹೆಣದ ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟಿತ್ತು. ಅವನು ಕೂತಲ್ಲೇ ಹಿಂದಕ್ಕೆ ಉರುಳಿದ.

ಶಾರದಾಬಾಯಿ ಒಳಗಿನಿಂದ ಚಹಾದ ತಾಟು ಹಿಡಿದು ಬಂದಳು. ಮುಂಜಾನೆಯಿಂದ ಜನರಿಗೆ ಚಹಾ ಮಾಡಿ ಮಾಡಿ ಅವಳ ಮುಖ ಕೆಂಪಾಗಿತ್ತು.

"ಬಂದೇನಪಾ? ಹತ್ತಕ್ಕ ಮೊದಲನೇದಾಂವ ಹಾರಾ ತಗೊಂಡು ಅಳಕೋತ ಬಂದಾ. ಇವರು ಒಳಗ ಗುಳಿಗಿ ನುಂಗಾಕತ್ತಿದ್ರು. 'ಯಾರು ಸತ್ತಾರ ಕೇಳು' ಅಂದ್ರು. ಕೇಳಿದ್ರ, ಇವರಽ. ನಾ ಎದಿ ಒಡದು ಸಾಯಬೇಕು, ಇವರು ಹೊರಗ ಬಂದು, 'ಹಾರಾ ತಂದೀರಿ, ಹಾಳ್ಯಾಕ ಮಾಡ್ತೀರಿ' ಅಂತ ಕೊಳ್ಳಾಗ ಹಾಕಿಸ್ಕೊಂಡು ಕುಂತಾರ. ಬಂದವರ ಮುಂದ ಮೊದ್ಲು ಕಣ್ಣು ಮುಚ್ಚತಾರ, ಹೊಗಳೋದು ಮುಗದ ಮ್ಯಾಲ ತೆರೀತಾರ."

"ಡಾಕ್ಟರ್ ಗಾಬರಿ ಆಗಬಾರದು ಅಂದಿದ್ರಲ್ಲಕ್ಕಾ," ಎಂದ ಕಲ್ಯಾಣಪ್ಪ ಬೆವರು ಒರೆಸಿಕೊಳ್ಳುತ್ತ.

"ಯಾರಿಗಿ ಗಾಬರಿ?" ಎಂದರು ಮಾಸ್ತರರು. "ನಲವತ್ತು ವರ್ಷದಾಗ ಇಷ್ಟು ಒಳ್ಳೇ ಮಾತು ನಾ ಕೇಳಿಲ್ಲ. ಹಾಜರಿ ತಗೊಂಡೇನಿ. ಅರವತ್ತೇಳು ಮಂದಿ ಬಂದಾರ. ನಮ್ಮ ಸಾಲಿ ಹೆಡ್ ಮಾಸ್ತರ ಬಂದಿಲ್ಲ, ಕೆಂಪು ಶಾಯಿಲೆ ಗೈರುಹಾಜರಿ ಬರದೇನಿ." ಧುರೀಣನ ಸಹಾಯಕ ಹೂಮಾಲೆ ವಾಪಸ್ ಒಯ್ಯಲು ನಾಚಿ, "ಇಲ್ಲೇ ಇರಲಿ ಸರ್, ಮುಂದ ಉಪಯೋಗಕ್ಕ ಬರ್ತದ," ಎಂದು ಕಟ್ಟೆಗೆ ಆನಿಸಿ ಹೋದ.

ಆಗ ಓಣಿಯಲ್ಲಿ ಯಾರೋ ಕಿರುಚಿದ್ದು ಕೇಳಿತು. ಬಸವೇಶ್ವರಿ ಗಾಡಿಯಿಂದ ಇಳಿದು, ದೂರ ನಿಂತು, ಟಾಪು ನೋಡಿ ಎದೆ ಬಡಿದುಕೊಂಡಿದ್ದಳು.

"ಈಗ ನೆನಪಾತ್ರಿ. ನಮ್ಮ ಅಜ್ಜನ್ನ ಇಂಥಾದ್ರಾಗಽ ಒಯ್ದಿದ್ರು."

ಅರವತ್ತೇಳು ಮಂದಿ ಒಮ್ಮೆಲೇ ತಿರುಗಿ ನೋಡಿದರು. ಕಲ್ಯಾಣಪ್ಪನೂ ನೋಡಿದ. ನಾಲ್ಕು ಕಾಲು, ಕಮಾನು, ಹೂವು, ಬಾಳೆದಿಂಡು. ಯಾಕೂಬಸಾಬನ ತೊಂಬತ್ತು ಕಿಲೋ ನೆನಪಾಯಿತು. ಹೊಲಕ್ಕಿಳಿದ ಟ್ರ್ಯಾಕ್ಟರು, ಹವಾಲ್ದಾರನ ಸೆಲ್ಯೂಟು, ಚೌಡಾಪುರದ ಬೀಡಿ, ಎಲ್ಲ ಸಾಲಾಗಿ ಬಂದು ಅವನ ಮುಂದೆ ನಿಂತವು. ಜೀವಮಾನದಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಮರ್ಯಾದೆ ಹೆಣಕ್ಕೆ ಸಲ್ಲಬೇಕಾದದ್ದಾಗಿತ್ತು.

ಶಾರದಾಬಾಯಿ ತಾಟು ಕೆಳಗಿಟ್ಟಳು. ಅವಳ ಮುಖದ ಮೇಲೆ ಚಹಾದ ಕೆಂಪು ಹೋಗಿ ಬೇರೆ ಕೆಂಪು ಬಂತು.

"ಅಂದ್ರ ಇದೆಲ್ಲಾ ನಿನ್ನ ಗಾಡೀ ನೋಡಿ ಎದ್ದ ಸುದ್ದಿ? ಎದ್ಯಾಗ ಎರಡು ಸ್ಪ್ರಿಂಗ್ ಹಾಕಿಸ್ಕೊಂಡ ಮನುಷ್ಯಾನ ಬಾಗಲಿಗಿ ನೀ ವಿಮಾನಾ ಕಟ್ಟಿಸ್ಕೊಂಡು ಬಂದೀ? ನನ್ನ ಕುಂಕುಮಕ್ಕ ಇದು ತವರಿನ ಉಡುಗೊರಿ? ಎದ್ದು ನಡೀ. ಇವತ್ತಿಗಿ ನಿನಗ ಅಕ್ಕ ಇಲ್ಲ."

ಕಲ್ಯಾಣಪ್ಪ ಗಾಡಿಯೊಳಗಿನ ಸೀರೆ ತಂದು ಕಟ್ಟೆಯ ಮೇಲಿಟ್ಟು ಹೊರಟ.

"ಕಲ್ಯಾಣಿ, ನಿಂದ್ರು," ಎಂದರು ಮಾಸ್ತರರು.

ಅವರು ಉಪ್ಪಿಟ್ಟು ಪಕ್ಕಕ್ಕಿಟ್ಟು, ಹಾರ ಸಮೇತ ಇಳಿದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಕಮಾನಿನ ಕಾಲು ಹಿಡಿದು ಜಗ್ಗಿದರು. ಅಲುಗಾಡಲಿಲ್ಲ.

"ಯಾರು ಮಾಡ್ಯಾರ?"

"ಯಾಕೂಬಸಾಬ."

"ಕೆಲಸಾ ಗಟ್ಟಿ ಅದ. ಇಲ್ಲಿ ಬಿದಿರಿನ್ಯಾಗ ಕಟ್ತಾರ, ಹೋಗೋವಾಗ ಒಂದು ಕಡಿಗಿ ವಾಲ್ತದ. ನಮ್ಮ ಕಾಕಾಂದು ಅರ್ಧಾ ದಾರ್ಯಾಗ ಮುರದಿತ್ತು. ಇದಕ್ಕ ಲೈಟು ಬ್ಯಾರೆ ಅದ." ಹೆಂಡತಿಯ ಕಡೆ ತಿರುಗಿದರು. "ಶಾರದಾ, ನಿನ್ನ ತಮ್ಮ ಜೀವಮಾನದಾಗ ಒಂದು ಕೆಲಸಾ ನೆಟ್ಟಗ ಮಾಡ್ಯಾನ. ಅದಕ್ಕ ಬೈತೀ? ಲೇ ಕಲ್ಯಾಣಿ, ನಾ ಹೋಗೋವಾಗ ಇದರಾಗಽ ಹೋಗಾಂವ. ಅಲ್ಲೀ ತನಕಾ ಇದನ್ನ ಮಾರಬಾರದು, ಬಿಚ್ಚಬಾರದು, ಬ್ಯಾರೆ ಹೆಣಾ ಕೂಡಸಬಾರದು. ಒಪ್ಪಿಗಿ ಇದ್ರ ಒಳಗ ಬಾ, ಇಲ್ಲಾಂದ್ರ ನಿಮ್ಮ ಅಕ್ಕನ ಮಾತು ಮಾತು."

ಕಲ್ಯಾಣಪ್ಪ ಅಕ್ಕನ ಮುಖ ನೋಡಿದ. ಅವಳು ಸೀರೆಯ ಮಡಿಕೆ ಬಿಚ್ಚಿ ಅಂಚು ನೋಡುತ್ತಿದ್ದಳು. ಅವನು ಹೊಸ್ತಿಲು ತುಳಿದ.

ಅಲ್ಲಿಂದ ಎರಡು ವರ್ಷವಾಯಿತು. ಅಕ್ಕ ದಿನಕ್ಕೆ ಎರಡು ಸಲ ಫೋನು ಮಾಡಿ ಬೈಯುತ್ತಾಳೆ, ಆ ಮಟ್ಟಿಗೆ ಎಲ್ಲ ಸರಿಯಾಗಿದೆ. ಆದರೆ ಕಲ್ಯಾಣಪ್ಪನ ಗಾಡಿಯನ್ನು ಯಾರೂ ಹತ್ತುವುದಿಲ್ಲ. ಅದು ನಿಂತ ಮನೆಯ ಮುಂದೆ ಅರ್ಧ ತಾಸಿನಲ್ಲಿ ಜನ ಸೇರುತ್ತಾರೆ. ಜಗದೇವ ಮಾಸ್ತರರು ಮಾತ್ರ ದಿನಾ ನಾಲ್ಕು ಕಿಲೋಮೀಟರ್ ನಡೆದು, ಎರಡು ರೊಟ್ಟಿ ಹೆಚ್ಚು ತಿಂದು, ಕೆಂಪಗೆ ದುಂಡಗೆ ಆಗಿದ್ದಾರೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಆಳಂದಕ್ಕೆ ಬರುತ್ತಾರೆ. ನಿಚ್ಚಣಿಕೆ ಹಚ್ಚಿಸಿಕೊಂಡು ಟಾಪಿನ ಮೇಲೇರಿ, ಪದ್ಮಾಸನ ಹಾಕಿ ಕಮಾನಿನ ಕೆಳಗೆ ಕೂತು ನೋಡುತ್ತಾರೆ.

"ಯಾಕೂಬಾ, ಹೋದ ಸಲಕ್ಕಿಂತಾ ಬಿಗಿ ಆಗ್ತದಲ್ಲೋ."

"ನೀವು ಬೆಳ್ಯಾಕತ್ತೀರ್ರಿ ಮಾಸ್ತರ್ರೇ, ಕಬ್ಬಿಣಾ ಬೆಳ್ಯಂಗಿಲ್ಲ," ಎನ್ನುತ್ತಾನೆ ಯಾಕೂಬಸಾಬ ಟೇಪು ಹಿಡಿದು. "ಜರಾ ಉಸುರು ಬಿಗಿ ಹಿಡೀರಿ. ಇನ್ನೆರಡು ಇಂಚು ಅಗಲಾ ಮಾಡಿ ಕೊಡ್ತೇನಿ."